ಆನ್‌ಲೈನ್ ತರಬೇತಿ: ನೋಟ್‌ಬುಕ್ಕಿನ ಒಂದು ಪುಟದಿಂದ ಶುರುಮಾಡಿ

ಸಂಜೆ ಶಾಲೆ ಬಿಟ್ಟು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಬಂದಿರುತ್ತದೆ: 'ಐದು ಗಂಟೆಗೆ ಆನ್‌ಲೈನ್ ತರಬೇತಿ. ಎಲ್ಲರೂ ಕಡ್ಡಾಯವಾಗಿ ಸೇರತಕ್ಕದ್ದು.' ಕೆಲವರು ಬಸ್ಸಿನಲ್ಲಿ ನಿಂತುಕೊಂಡೇ ಸೇರುತ್ತಾರೆ. ಘಾಟಿ ರಸ್ತೆಯಲ್ಲಿ ನೆಟ್‌ವರ್ಕ್ ಹೋಗಿ ಕೆಲವರು ಹೊರಬೀಳುತ್ತಾರೆ. ಅಂಥದೊಂದು ತರಬೇತಿಯಲ್ಲಿ ನಾನು ಎರಡು ಗಂಟೆ ಕೂತಿದ್ದೆ. ಇನ್ನೂರಕ್ಕೂ ಹೆಚ್ಚು ಶಿಕ್ಷಕರಿದ್ದರು. ಸಂಪನ್ಮೂಲ ವ್ಯಕ್ತಿ ಪಿಪಿಟಿಯನ್ನು ಮೊದಲಿನಿಂದ ಕೊನೆಯವರೆಗೂ ಓದಿದರು, ಕೊನೆಗೆ ಹಾಜರಾತಿ ಫಾರ್ಮ್ ಬಂತು, ತುಂಬಿದೆವು. ಆ ಎರಡು ಗಂಟೆಯಲ್ಲಿ ನನ್ನ ತರಗತಿಯ ಒಂದೇ ಒಂದು ಮಗುವಿನ ಮುಖವೂ ನನಗೆ ನೆನಪಾಗಲಿಲ್ಲ.

ಹಾಗೆಂದು ಆನ್‌ಲೈನ್ ತರಬೇತಿಯೇ ಬೇಡ ಎನ್ನಲಾಗದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆಂದು ಹೇಳುತ್ತದೆ. ಅಷ್ಟು ಗಂಟೆಗೂ ಶಾಲೆ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಹೋಗುವುದೆಂದರೆ ಏಕೋಪಾಧ್ಯಾಯ ಶಾಲೆಯ ಮಕ್ಕಳ ಗತಿ ಏನು? ಬೀಗ ಹಾಕಬೇಕು, ಇಲ್ಲವೇ ಪಕ್ಕದ ಶಾಲೆಯವರನ್ನು ಕಾಡಿ ಬೇಡಿ ಕರೆತರಬೇಕು. ಮೊಬೈಲ್‌ನಲ್ಲೇ ನಡೆಯುವ ಒಳ್ಳೆಯ ಸಭೆ ಇಂಥ ಶಿಕ್ಷಕರಿಗೆ ನಿಜಕ್ಕೂ ದೊಡ್ಡ ಉಪಕಾರ. ನಮ್ಮ ಕ್ಲಸ್ಟರಿನಲ್ಲಿ ಇಂಥ ಸಭೆಗಳನ್ನು ನಡೆಸುತ್ತ, ತಪ್ಪು ಮಾಡುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪ್ರಶ್ನೆ, ಆಮೇಲೆ ಲಿಂಕ್

'ಗಣಿತ ಬೋಧನೆಯ ನವೀನ ವಿಧಾನಗಳು' ಎಂಬಂಥ ವಿಷಯ ಇಟ್ಟುಕೊಳ್ಳಬೇಡಿ. ಅದರಡಿ ಏನು ಬೇಕಾದರೂ ಹೇಳಬಹುದು, ಹಾಗಾಗಿ ಯಾರಿಗೂ ಏನೂ ದಕ್ಕುವುದಿಲ್ಲ. ಸಭೆಗೆ ಒಂದು ವಾರ ಮುಂಚೆ ಗುಂಪಿನಲ್ಲಿ ಒಂದೇ ಮಾತು ಕೇಳಿ: 'ನಿಮ್ಮ ತರಗತಿಯಲ್ಲಿ ಮಕ್ಕಳು ಮತ್ತೆ ಮತ್ತೆ ಮಾಡುವ ಒಂದು ತಪ್ಪಿನ ಫೋಟೊ ಕಳಿಸಿ.' ನೋಟ್‌ಬುಕ್ಕಿನ ಒಂದು ಪುಟ ಸಾಕು. ಮಗುವಿನ ಹೆಸರು ಫೋಟೊದಲ್ಲಿ ಬಾರದಂತೆ ಚೀಟಿಯಿಂದ ಮುಚ್ಚಲು ಹೇಳಿ.

ನಮಗೆ ಒಮ್ಮೆ ಬಂದ ಪುಟ ಹೀಗಿತ್ತು. ನಾಲ್ಕನೇ ತರಗತಿಯ ಹುಡುಗಿಯ ಬರಹ, ಗುಂಡಗೆ, ಅಚ್ಚುಕಟ್ಟು. 52ರಲ್ಲಿ 27 ಕಳೆದರೆ 35 ಎಂದು ಬರೆದಿದ್ದಳು. ಕೆಳಗೆ 81ರಲ್ಲಿ 46 ಕಳೆದು 45. ಮೇಡಂ ಎರಡಕ್ಕೂ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದ್ದರು. ಆ ಫೋಟೊ ಪರದೆ ಮೇಲೆ ಇಟ್ಟು, 'ಈ ಮಗು ಏನು ಯೋಚಿಸಿರಬಹುದು?' ಎಂದು ಕೇಳಿ ಸುಮ್ಮನಾದೆವು. ಮೊದಲು ಬಂದ ಉತ್ತರ 'ಗಮನ ಕೊಟ್ಟಿಲ್ಲ' ಎಂದು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಮೇಷ್ಟ್ರು ಮ್ಯೂಟ್ ತೆಗೆದು, 'ಇಲ್ಲ ಸರ್, ಅವಳು ಎರಡು ಕಡೆಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೀತಿದಾಳೆ. ಏಳರಲ್ಲಿ ಎರಡು ಹೋದರೆ ಐದು, ಆರರಲ್ಲಿ ಒಂದು ಹೋದರೆ ಐದು. ಅವಳ ಲೆಕ್ಕದಲ್ಲಿ ಅವಳು ಸರಿ' ಎಂದರು. ಅಲ್ಲಿಂದ ಸಭೆಗೆ ಜೀವ ಬಂತು. ಒಬ್ಬರು ಮೇಡಂ ಕಡ್ಡಿಕಟ್ಟು ತಂದು ಮೇಜಿನ ಮೇಲೆ ಹರಡಿದರು: ಹತ್ತರ ಐದು ಕಟ್ಟು, ಬಿಡಿ ಎರಡು. ಏಳು ಕಡ್ಡಿ ಕೊಡಬೇಕಾದರೆ ಒಂದು ಕಟ್ಟಿನ ರಬ್ಬರ್ ಬಿಚ್ಚಲೇಬೇಕು. ರಬ್ಬರ್ ಬಿಚ್ಚಿದ ಆ ಗಳಿಗೆಯೇ ದಶಕ ಸಹಿತ ವ್ಯವಕಲನದ ಇಡೀ ಪಾಠ. ಪಿಪಿಟಿ ಒಂದೂ ಇರಲಿಲ್ಲ.

ಇದೇನೂ ಹೊಸ ದಾರಿಯಲ್ಲ. ನಮ್ಮ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಬೇರೂರಿದ್ದೂ ಶಿಕ್ಷಕರೇ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ಕೂತು ಚರ್ಚಿಸಿ, ಕಾರ್ಡುಗಳನ್ನು ತಾವೇ ರೂಪಿಸಿದ್ದರಿಂದ. ಮೇಷ್ಟ್ರು ಮೇಷ್ಟ್ರಿಂದ ಕಲಿಯುವ ಆ ಪದ್ಧತಿಯನ್ನು ಪರದೆಗೂ ತರಬೇಕು, ಅಷ್ಟೇ.

ನಡೆಸುವವರಿಗೆ

ಒಂದು ಸಭೆಗೆ 25ರಿಂದ 30 ಜನ ಸಾಕು. ಗೂಗಲ್ ಮೀಟ್ ಆಗಲಿ ಝೂಮ್ ಆಗಲಿ, ಉಚಿತ ಖಾತೆಯಲ್ಲಿ 100 ಜನ ಸೇರಬಹುದು. ಆದರೆ ನೂರು ಜನರಲ್ಲಿ ಮಾತಾಡುವವರು ನಾಲ್ಕೇ ಮಂದಿ. ಮೀಟ್‌ನ ಉಚಿತ ಗುಂಪು ಸಭೆ 60 ನಿಮಿಷಕ್ಕೆ, ಝೂಮ್‌ನದು 40 ನಿಮಿಷಕ್ಕೆ ನಿಲ್ಲುತ್ತದೆ. ಈ ಮಿತಿ ಒಳ್ಳೆಯದೇ. ದಿನವಿಡೀ ಪಾಠ ಮಾಡಿ ಬಂದವರ ಕಣ್ಣು, ಕಿವಿ ಐವತ್ತು ನಿಮಿಷಕ್ಕಿಂತ ಹೆಚ್ಚು ತಡೆಯುವುದಿಲ್ಲ.

ಸಮಯವನ್ನು ನೀವೇ ಗೊತ್ತುಮಾಡದೆ ಗುಂಪಿನಲ್ಲಿ ಕೇಳಿ. ಸಂಜೆ ಏಳರಿಂದ ಒಂಬತ್ತು ನಿಮಗೆ ಅನುಕೂಲ ಇರಬಹುದು, ಆದರೆ ಮನೆಯಲ್ಲಿ ಅಡುಗೆ ಮಾಡಬೇಕಾದ ಶಿಕ್ಷಕಿಯರು ಆಗ ಒಲೆ ಮುಂದೆ ಮೊಬೈಲ್ ಇಟ್ಟುಕೊಂಡು ಕೇಳುತ್ತಾರೆ. ಬೆಳಗಿನ ಶಾಲೆ ಇರುವ ಶನಿವಾರ ಮಧ್ಯಾಹ್ನ ನಮ್ಮಲ್ಲಿ ಬಹಳ ಜನರಿಗೆ ಒಗ್ಗಿತು. ದಿನಾಂಕ ಐದು ದಿನ ಮೊದಲೇ ತಿಳಿಸಿ. ಅರ್ಧ ಗಂಟೆ ಮುಂಚೆ ಲಿಂಕ್ ಕಳಿಸಿ ಕಡ್ಡಾಯ ಎನ್ನುವುದು ಶಿಕ್ಷಕರಿಗೆ ಮಾಡುವ ಅಗೌರವ.

ಇಬ್ಬರಿರಲಿ. ಒಬ್ಬರು ಚರ್ಚೆ ನಡೆಸಲಿ, ಇನ್ನೊಬ್ಬರು ತಡವಾಗಿ ಬಂದವರನ್ನು ಒಳಗೆ ಬಿಡುವುದು, ಮಿಕ್ಸಿ ಸದ್ದು ಬರುವ ಕಡೆ ಮ್ಯೂಟ್ ಮಾಡುವುದು, ಚಾಟ್‌ನಲ್ಲಿ ಬಂದ ಪ್ರಶ್ನೆ ಗಟ್ಟಿಯಾಗಿ ಓದುವುದು ಇಷ್ಟನ್ನು ನೋಡಿಕೊಳ್ಳಲಿ. ಒಬ್ಬರೇ ಎರಡನ್ನೂ ಮಾಡಲು ಹೋದರೆ ಮಾತಿನ ಎಳೆ ತಪ್ಪುತ್ತದೆ. ಕರೆಂಟ್ ಹೋದರೆ ಆ ಎರಡನೆಯವರೇ ಸಭೆ ಮುಂದುವರಿಸಬಹುದು. ಇದಕ್ಕಾಗಿ, ನಿಮ್ಮ ಖಾತೆಯಲ್ಲಿ ಆ ಸೌಲಭ್ಯ ಇದ್ದರೆ, ಅವರನ್ನೂ ಹೋಸ್ಟ್ ಮಾಡಿಟ್ಟಿರಿ. ಮಳೆಗಾಲದಲ್ಲಿ ಮಲೆನಾಡಿನವರಿಗೆ ಇದರ ಬೆಲೆ ಗೊತ್ತಿದೆ.

ಪಿಪಿಟಿ ಬೇಕೇ ಬೇಕೆಂದರೆ ಐದು ಸ್ಲೈಡ್ ಸಾಕು, ಒಂದೊಂದರಲ್ಲಿ ನಾಲ್ಕೈದು ಸಾಲು, ದಪ್ಪ ಅಕ್ಷರ. ನೋಡುವವರ ಪರದೆ ಅಂಗೈ ಅಗಲದ್ದು. ಸ್ಲೈಡ್ ಮುಗಿಸಿ ನಿಮ್ಮ ಮೊಬೈಲ್‌ನಲ್ಲಿ ತೆರೆದು ನೋಡಿ, ನಿಮಗೆ ಓದಲಾಗದಿದ್ದರೆ ಯಾರಿಗೂ ಆಗುವುದಿಲ್ಲ. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಕಡತ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಚೆಂದ ಕಾಣುತ್ತದೆ, ಆದರೆ ಅದನ್ನು ಆಮೇಲೆ ಗುಂಪಿಗೆ ಹಾಕಿದರೆ ಬೇರೆಯವರ ಮೊಬೈಲ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ.

ವಸ್ತು ತೋರಿಸುವಾಗ ಮೊಬೈಲನ್ನು ಪುಸ್ತಕಗಳ ಎರಡು ಗುಡ್ಡೆಗಳ ಮೇಲೆ ಸೇತುವೆಯಂತೆ ಮಲಗಿಸಿ, ಹಿಂಬದಿಯ ಕ್ಯಾಮೆರಾ ಗುಡ್ಡೆಗಳ ನಡುವಿನ ಜಾಗವನ್ನು ನೋಡುತ್ತಿರಲಿ. ಬಿಳಿ ಹಾಳೆ ಹಾಸಿ ಅದರ ಮೇಲೆ ಕಡ್ಡಿ, ಬೀಜ, ಕಾರ್ಡು ಇಟ್ಟರೆ ಸ್ಪಷ್ಟ ಕಾಣುತ್ತದೆ. ಮುಂಬದಿ ಕ್ಯಾಮೆರಾದಲ್ಲಿ ಸ್ಲೇಟು ಹಿಡಿದಾಗ ನಿಮ್ಮ ಪರದೆಯಲ್ಲಿ ಬರಹ ತಿರುಗುಮುರುಗಾಗಿ ಕಂಡರೆ ಗಾಬರಿ ಬೇಡ, ನೋಡುವವರಿಗೆ ಅದು ಸರಿಯಾಗಿಯೇ ಕಾಣುತ್ತದೆ.

ಐವತ್ತು ನಿಮಿಷವನ್ನು ನಾವು ಹೀಗೆ ಹಂಚುತ್ತೇವೆ: ಐದು ನಿಮಿಷ ಫೋಟೊ ನೋಡುವುದು, ಹತ್ತು ನಿಮಿಷ ನಾಲ್ಕು ನಾಲ್ಕು ಜನರ ಗುಂಪು ಚರ್ಚೆ, ಇಪ್ಪತ್ತೈದು ನಿಮಿಷ ಎಲ್ಲರೂ ಸೇರಿ ಮಾತು ಮತ್ತು ಪ್ರಾತ್ಯಕ್ಷಿಕೆ, ಉಳಿದ ಹತ್ತು ನಿಮಿಷ 'ಸೋಮವಾರ ನಾನು ಏನು ಮಾಡುತ್ತೇನೆ' ಎಂದು ಒಬ್ಬೊಬ್ಬರೂ ಒಂದು ವಾಕ್ಯ ಬರೆಯುವುದು. ಗುಂಪು ಮಾಡಲು ಝೂಮ್‌ನಲ್ಲಿ ಬ್ರೇಕ್‌ಔಟ್ ಕೊಠಡಿಗಳಿವೆ, ಆದರೆ ಉಚಿತ ಖಾತೆಯಾದರೆ ಎಲ್ಲವನ್ನೂ 40 ನಿಮಿಷಕ್ಕೆ ಹೊಂದಿಸಿಕೊಳ್ಳಬೇಕು. ಉಚಿತ ಮೀಟ್‌ನಲ್ಲಿ ಇಲ್ಲ. ಆಗ ನಾಲ್ಕು ಜನ ವಾಟ್ಸ್‌ಆ್ಯಪ್ ಕರೆ ಮಾಡಿಕೊಂಡು ಮಾತಾಡಿ, ಅದೇ ಲಿಂಕಿಗೆ ಮರಳಬಹುದು. ಕೆಲಸ ಆಗುತ್ತದೆ.

ಹಾಜರಾತಿ ಫಾರ್ಮ್ ವಿಷಯ. ಬರೀ ಹೆಸರು, ಶಾಲೆ, ಡೈಸ್ ಕೋಡ್ ಕೇಳುವ ಬದಲು ಆ ಸೋಮವಾರದ ವಾಕ್ಯವನ್ನೇ ಕೇಳಿ, ಅದೇ ಹಾಜರಾತಿ. ಕೆಜಿಐಡಿ ಸಂಖ್ಯೆ, ಆಧಾರ್, ಮೊಬೈಲ್ ಸಂಖ್ಯೆಗಳನ್ನು ಎಲ್ಲರಿಗೂ ತೆರೆದಿರುವ ಶೀಟ್‌ನಲ್ಲಿ ತುಂಬಿಸುವುದು ತಪ್ಪು. ಲಿಂಕನ್ನು ಫೇಸ್‌ಬುಕ್‌ನಲ್ಲೂ ಹಾಕಬೇಡಿ, ಅಪರಿಚಿತರು ನುಗ್ಗಿ ಸಭೆ ಕೆಡಿಸಬಹುದು.

ಸೇರುವವರಿಗೆ

ಡೇಟಾ ಕಡಿಮೆ ಇದ್ದರೆ ನಿಮ್ಮ ವಿಡಿಯೊ ಆಫ್ ಮಾಡಿಕೊಳ್ಳಿ, ಅದಕ್ಕೆ ಸಂಕೋಚ ಬೇಡ. ವಿಡಿಯೊ ಸಹಿತ ಗುಂಪು ಸಭೆಗೆ ಗಂಟೆಗೆ ಒಂದು ಜಿಬಿಯಷ್ಟು ಡೇಟಾ ಹೋಗಬಹುದು, ಧ್ವನಿ ಮಾತ್ರವಾದರೆ ಅದರ ಹತ್ತನೇ ಒಂದು ಪಾಲೂ ಬೇಡ. ಆದರೆ ಮಾತಾಡುವಾಗಲಾದರೂ ಮುಖ ತೋರಿಸಿ, ಎದುರಿನವರಿಗೆ ಧೈರ್ಯ ಬರುತ್ತದೆ. ಇಯರ್‌ಫೋನ್ ಹಾಕಿಕೊಂಡರೆ ಗೊಂಯ್‌ಗುಡುವ ಪ್ರತಿಧ್ವನಿ ನಿಲ್ಲುತ್ತದೆ. ಪರದೆಯಲ್ಲಿ ಹೆಸರಿನ ಜಾಗದಲ್ಲಿ 'ರೆಡ್‌ಮಿ ನೋಟ್' ಎಂದಿದ್ದರೆ ನಿಮ್ಮ ಹೆಸರು, ಶಾಲೆ ಕಾಣುವಂತೆ ಬದಲಿಸಿ. ಚಾಟ್‌ನಲ್ಲಿ ಕನ್ನಡ ಟೈಪಿಂಗ್ ಕಷ್ಟವೆನಿಸಿದರೆ ಜಿಬೋರ್ಡ್‌ನ ಮೈಕ್ ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ.

ದೀಕ್ಷಾ ಆ್ಯಪ್‌ನ ಕೋರ್ಸ್‌ಗಳ ಬಗ್ಗೆ ಎರಡು ಮಾತು. 2019ರಲ್ಲಿ ಮುಖಾಮುಖಿ ತರಬೇತಿಯಾಗಿ ಶುರುವಾದ ನಿಷ್ಠಾ, ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರ್‌ನಿಂದ, 18 ಕೋರ್ಸ್‌ಗಳಾಗಿ ಇಲ್ಲಿಗೆ ಬಂತು. ಇಲ್ಲಿ ಪ್ರತಿ ತಂಡಕ್ಕೂ ಸೇರಲು ಒಂದು ಕೊನೆಯ ದಿನ, ಮುಗಿಸಲು ಇನ್ನೊಂದು ಕೊನೆಯ ದಿನ ಇರುತ್ತದೆ. ಕೊನೆ ದಿನ ರಾತ್ರಿಯವರೆಗೂ ಕಾಯಬೇಡಿ. ಸೇರುವ ಮೊದಲು ಪ್ರೊಫೈಲ್‌ನಲ್ಲಿ ನಿಮ್ಮ ಹೆಸರಿನ ಕಾಗುಣಿತ, ಇನಿಷಿಯಲ್ ನೋಡಿಕೊಳ್ಳಿ, ಪ್ರಮಾಣಪತ್ರದಲ್ಲಿ ಅದೇ ಬರುತ್ತದೆ. ಪ್ರಮಾಣಪತ್ರಕ್ಕಾಗಿ ವಿಡಿಯೊ ಓಡಿಸಿ ಪಕ್ಕಕ್ಕಿಡುವ ಅಭ್ಯಾಸ ನಮ್ಮಲ್ಲಿ ಇದೆ. ಇಬ್ಬರು ಮೂವರು ಸಹೋದ್ಯೋಗಿಗಳು ಸೇರಿ ಒಂದೇ ಫೋನಿನಲ್ಲಿ ನೋಡಿ, ಅಲ್ಲಲ್ಲಿ ನಿಲ್ಲಿಸಿ ಮಾತಾಡಿದರೆ ಅದೇ ವಿಡಿಯೊ ಬೇರೆಯೇ ಆಗುತ್ತದೆ. ರಸಪ್ರಶ್ನೆಯನ್ನು ಮಾತ್ರ ಅವರವರೇ ಬರೆಯಬೇಕು.

ಸಭೆ ಮುಗಿದ ಮೇಲೆ

ರೆಕಾರ್ಡಿಂಗ್ ಹಾಕಿದರೆ ನೋಡುವವರು ಕಡಿಮೆ. ಅದರ ಬದಲು ಮೂರು ನಿಮಿಷದ ಧ್ವನಿ ಸಂದೇಶದಲ್ಲಿ ಸಾರಾಂಶ ಹೇಳಿ ಗುಂಪಿಗೆ ಕಳಿಸಿ. ಸಭೆಗೆ ಬರಲಾಗದವರು ಬಸ್ಸಿನಲ್ಲಾದರೂ ಕೇಳುತ್ತಾರೆ. ಹತ್ತು ದಿನ ಬಿಟ್ಟು ಇಪ್ಪತ್ತು ನಿಮಿಷ ಮತ್ತೆ ಸೇರಿ, ತರಗತಿಯಲ್ಲಿ ಮಾಡಿ ನೋಡಿದ್ದು ಏನಾಯಿತು ಎಂದು ಕೇಳಿ. ಆಗಲಿಲ್ಲ ಎಂದವರಿಗೆ ಮೊದಲು ಮಾತು ಕೊಡಿ. ಈ ಎರಡನೇ ಸಭೆಯನ್ನು ಕೈಬಿಟ್ಟರೆ ಮೊದಲನೆಯದೂ ವ್ಯರ್ಥವೆಂದೇ ನನ್ನ ಅನುಭವ. ಕಡ್ಡಿಕಟ್ಟಿನ ಸಭೆಯಾದ ಮೇಲೆ ಆ ಹುಡುಗಿಯ ಮೇಡಂ ಇನ್ನೊಂದು ಪುಟದ ಫೋಟೊ ಕಳಿಸಿದ್ದರು. 63ರಲ್ಲಿ 28 ಕಳೆದು 35 ಎಂದು ಬರೆದಿದ್ದಳು, ಪಕ್ಕದಲ್ಲಿ ಕಟ್ಟು ಬಿಚ್ಚಿದ ಪುಟ್ಟ ಚಿತ್ರವಿತ್ತು.

ನಿಮ್ಮ ಕ್ಲಸ್ಟರಿನ ಮುಂದಿನ ಸಮಾಲೋಚನಾ ಸಭೆಗೆ ಇನ್ನೂ ದಿನವಿರಬಹುದು. ಇವತ್ತು ತಿದ್ದಲು ಮನೆಗೆ ತಂದ ನೋಟ್‌ಬುಕ್ಕುಗಳಲ್ಲಿ ಒಂದು ಪುಟ ಆರಿಸಿ, ಫೋಟೊ ತೆಗೆದು, ನಿಮ್ಮ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಈಗಲೇ ಕಳಿಸಿ.