ಮನಸ್ಸಿನ ಬೇನೆಗೆ ಮಾತೂ ಒಂದು ಚಿಕಿತ್ಸೆ



ಹಸು ಮೇವು ಬಿಟ್ಟರೆ, ಮೆಲುಕು ಹಾಕದಿದ್ದರೆ, ಹಾಲು ಒಂದು ಲೀಟರ್ ಕಡಿಮೆಯಾದರೆ ನೀವು ಅದೇ ಹೊತ್ತಿಗೆ ಗುರುತಿಸುತ್ತೀರಿ. ಡಾಕ್ಟರಿಗೆ ಹೇಳಿ ಕಳುಹಿಸುತ್ತೀರಿ. ಆದರೆ ಹಸು ಸಾಕುವವರೇ ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಮಾತು ಕಡಿಮೆ ಮಾಡಿದರೆ "ಏನೋ ಯೋಚನೆ, ತಾನೇ ಸರಿಹೋಗುತ್ತದೆ" ಎಂದು ಮನೆಯವರೆಲ್ಲ ಸುಮ್ಮನಾಗುತ್ತಾರೆ.

2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ನಮ್ಮ ರಾಜ್ಯದ ಎಷ್ಟೋ ಕೊಟ್ಟಿಗೆಗಳು ಬರಿದಾದವು. ಸತ್ತ ರಾಸುಗಳ ಲೆಕ್ಕ ಕಾಗದದ ಮೇಲೆ ಬಂತು. ಅವನ್ನು ಸಾಕಿದವರ ಮನಸ್ಸಿಗೆ ಆದ ಪೆಟ್ಟು ಯಾವ ಲೆಕ್ಕಕ್ಕೂ ಬರಲಿಲ್ಲ. ಸಾಲ, ಮಳೆಯ ಅಭಾವ, ಮನೆಯ ಜಗಳ, ಕುಡಿತ, ಹೆರಿಗೆಯ ನಂತರದ ಬಳಲಿಕೆ ಹೀಗೆ ಮನಸ್ಸು ಕುಗ್ಗಲು ಕಾರಣಗಳು ಹಲವು. ಕೆಲವೊಮ್ಮೆ ಕಾರಣವೇ ಕಾಣದಿರಬಹುದು. ಇದಕ್ಕೂ ಚಿಕಿತ್ಸೆ ಉಂಟು. ಅದರಲ್ಲಿ ಮುಖ್ಯವಾದ ಮಾತಿನ ಚಿಕಿತ್ಸೆಯ ಬಗ್ಗೆ ಇಲ್ಲಿ ತಿಳಿಯೋಣ.

ಗುರುತಿಸುವುದು ಹೇಗೆ?

ದುಃಖ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಕೆಳಗಿನ ಲಕ್ಷಣಗಳಲ್ಲಿ ಹಲವು ಎರಡು ವಾರ ಬಿಡದೆ ಇದ್ದರೆ ಅದು ಖಿನ್ನತೆ ಇರಬಹುದು.

1. ದಿನದ ಬಹುಪಾಲು ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು.
2. ನಿದ್ದೆ ಬಾರದಿರುವುದು, ಅಥವಾ ಎಷ್ಟು ಮಲಗಿದರೂ ಏಳಲು ಮನಸ್ಸಾಗದಿರುವುದು.
3. ಊಟ ಸೇರದಿರುವುದು, ಸದಾ ಸುಸ್ತು.
4. "ಎಲ್ಲ ನನ್ನಿಂದಲೇ ಆಯಿತು" ಎಂಬ ಕೊರಗು.
5. "ಬದುಕಿ ಏನು ಫಲ" ಎಂಬ ಯೋಚನೆ ಅಥವಾ ಮಾತು. ಇದು ಕಂಡರೆ ಎರಡು ವಾರ ಕಾಯಬೇಡಿ. ಅಂದೇ ನೆರವು ಪಡೆಯಿರಿ.

ಮಾತಿನ ಚಿಕಿತ್ಸೆ ಎಂದರೇನು?

ಇದನ್ನು ಆಪ್ತ ಸಮಾಲೋಚನೆ ಎಂದೂ ಕರೆಯುತ್ತಾರೆ. ಇದು ಬುದ್ಧಿವಾದವಲ್ಲ. "ಧೈರ್ಯವಾಗಿರಿ" ಎಂದು ಬೆನ್ನು ತಟ್ಟಿ ಕಳುಹಿಸುವುದೂ ಅಲ್ಲ. ತರಬೇತಿ ಪಡೆದವರು ನಿಮ್ಮನ್ನು ಕೂರಿಸಿಕೊಂಡು ಸಾವಧಾನವಾಗಿ ಕೇಳುತ್ತಾರೆ. ನಿದ್ದೆ, ಊಟ, ಸಾಲ, ಕುಡಿತ, ಸಾಯುವ ಯೋಚನೆ ಎಲ್ಲವನ್ನೂ ನೇರವಾಗಿ ವಿಚಾರಿಸುತ್ತಾರೆ. ನಂತರ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಭೇಟಿ ಇರುತ್ತದೆ. ನೀವು ಹೇಳಿದ ಮಾತನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಜೀವಕ್ಕೆ ಅಪಾಯವಿದ್ದಾಗ ಮತ್ತು ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಇದಕ್ಕೆ ವಿನಾಯಿತಿ ಉಂಟು.

ಒಂದು ಉದಾಹರಣೆ ನೋಡೋಣ. ಒಬ್ಬ ಸದಸ್ಯರ ಎರಡು ಹಸು ಸತ್ತಿವೆ ಎಂದಿಟ್ಟುಕೊಳ್ಳಿ. ಅವರು ಡೇರಿಗೆ ಬರುವುದನ್ನು ಬಿಟ್ಟು ಮನೆಯಲ್ಲೇ ಮಲಗಿದ್ದಾರೆ. ಸಮಾಲೋಚಕರು ಅವರ ಕಷ್ಟವನ್ನು ಮೂರು ಭಾಗ ಮಾಡುತ್ತಾರೆ.

ಮೊದಲನೆಯದು ಯೋಚನೆ. "ನನ್ನ ಕೈಗುಣವೇ ಸರಿಯಿಲ್ಲ, ಇನ್ನು ಹಸು ಕಟ್ಟಿ ಪ್ರಯೋಜನವಿಲ್ಲ" ಎಂಬುದು ಎಷ್ಟು ನಿಜ? ರೋಗ ಊರಿಗೆಲ್ಲ ಬಂದಿತ್ತಲ್ಲವೇ? ಇಷ್ಟು ವರ್ಷ ಹಸು ಸಾಕಿದ ಕೈ ಯಾರದು? ಹೀಗೆ ಪ್ರಶ್ನೆ ಕೇಳಿ, ಉತ್ತರವನ್ನು ಅವರಿಂದಲೇ ಹೊರಡಿಸುತ್ತಾರೆ.

ಎರಡನೆಯದು ದಿನಚರಿ. ಮನಸ್ಸು ಸರಿಯಾದ ಮೇಲೆ ಏಳುತ್ತೇನೆ ಎಂದು ಕಾದರೆ ಆ ದಿನ ಬರುವುದು ತಡ. ಎದ್ದು ಓಡಾಡಿದರೆ ಮನಸ್ಸೂ ನಿಧಾನವಾಗಿ ಏಳುತ್ತದೆ. ಆದ್ದರಿಂದ ಮೊದಲ ವಾರ ಬೆಳಿಗ್ಗೆ ಎದ್ದು ಮುಖ ತೊಳೆದು ಡೇರಿಯವರೆಗೆ ನಡೆದು ಬರುವುದು ಮಾತ್ರ ಕೆಲಸ. ಮುಂದಿನ ವಾರ ಇನ್ನೊಂದು.

ಮೂರನೆಯದು ನಿಜವಾದ ತೊಡಕು. ವಿಮೆ ಇದ್ದರೆ ಕಿವಿಯೋಲೆ, ಮರಣೋತ್ತರ ಪರೀಕ್ಷೆಯ ವರದಿ ಸಲ್ಲಿಸಬೇಕು. ಬ್ಯಾಂಕಿನಲ್ಲಿ ಕಂತಿನ ಬಗ್ಗೆ ಮಾತನಾಡಬೇಕು. ಯಾವುದು ಮೊದಲು, ಜೊತೆಗೆ ಯಾರು ಬರುತ್ತಾರೆ ಎಂದು ಕೂತು ಬರೆಯುತ್ತಾರೆ. ಮಾತಿನಿಂದ ಸಾಲ ತೀರುವುದಿಲ್ಲ, ನಿಜ. ಆದರೆ ಸಾಲ ತೀರಿಸುವ ದಾರಿ ಹುಡುಕಲು ಬೇಕಾದ ತಲೆ ಮತ್ತೆ ನಿಮ್ಮದಾಗುತ್ತದೆ.

ಇದರಿಂದ ಗುಣವಾಗುತ್ತದೆಯೇ?

ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದವರಿಗೆ ಆರರಿಂದ ಎಂಟು ಭೇಟಿಗಳಲ್ಲಿ, ಮುಖ್ಯವಾಗಿ ಮೇಲೆ ಹೇಳಿದ ದಿನಚರಿಯ ಬಗೆಯ ಚಿಕಿತ್ಸೆ ಕೊಟ್ಟು ನೋಡಲಾಯಿತು. ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಜನ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಾಮೂಲು ಆರೈಕೆ ಮಾತ್ರ ಪಡೆದವರಿಗಿಂತ ಇವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರು.

ಕೆಲವರಿಗೆ ಮಾತಿನ ಜೊತೆ ಮಾತ್ರೆಯೂ ಬೇಕಾಗುತ್ತದೆ. ಇಲ್ಲದ ದನಿ ಕೇಳಿಸುವುದು, ಅತಿಯಾದ ಸಂಶಯ ಮುಂತಾದ ಕಾಯಿಲೆಗಳಿಗೆ ಔಷಧಿ ಅತ್ಯಗತ್ಯ. ಕೆಚ್ಚಲು ಬಾವಿಗೆ ಕೊಟ್ಟ ಔಷಧಿಯನ್ನು ಊತ ಇಳಿಯಿತೆಂದು ಅರ್ಧಕ್ಕೆ ನಿಲ್ಲಿಸಬಾರದೆಂದು ನಿಮಗೆ ಗೊತ್ತು. ಮನಸ್ಸಿನ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಎಲ್ಲಿಗೆ ಹೋಗಬೇಕು?

ದೂರವಾಣಿ: 14416. ಇದು ಸರ್ಕಾರದ ಟೆಲಿ ಮಾನಸ್ ಸೇವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಹಗಲು ರಾತ್ರಿ ಉಚಿತ. ಕನ್ನಡದಲ್ಲೇ ಮಾತನಾಡಬಹುದು.

ಪ್ರಾಥಮಿಕ ಆರೋಗ್ಯ ಕೇಂದ್ರ: ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಈ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ.

ಜಿಲ್ಲಾ ಆಸ್ಪತ್ರೆ: ಮನೋವೈದ್ಯರು ಮತ್ತು ಸಮಾಲೋಚಕರು ಇಬ್ಬರನ್ನೂ ಕಾಣಲು ಇಲ್ಲಿ ಕೇಳಿ.

ಮನೆಯವರು, ಸಂಘದವರು ಮಾಡಬೇಕಾದದ್ದು

- ದಿನಕ್ಕೆರಡು ಬಾರಿ ಊರಿನವರು ಒಬ್ಬರನ್ನೊಬ್ಬರು ನೋಡುವ ಜಾಗ ನಮ್ಮ ಡೇರಿ. ತಪ್ಪದೆ ಬರುತ್ತಿದ್ದವರು ಮಗುವಿನ ಕೈಯಲ್ಲಿ ಕ್ಯಾನು ಕಳುಹಿಸತೊಡಗಿದರೆ ಕಾರ್ಯದರ್ಶಿಯವರು ಮನೆಗೆ ಹೋಗಿ ವಿಚಾರಿಸಲಿ. ಹತ್ತು ಜನರ ಮುಂದೆ ಕೇಳುವುದು ಬೇಡ.
- "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳುವಳಿಕೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ.
- ಕೀಟನಾಶಕಗಳನ್ನು ಮನೆ, ಕೊಟ್ಟಿಗೆಯಲ್ಲಿ ಕೈಗೆ ಸಿಗುವಂತೆ ಇಡಬೇಡಿ. ಬೀಗ ಹಾಕಿ, ಬೀಗದ ಕೈ ಬೇರೆಯವರಲ್ಲಿರಲಿ.
- ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ಪೊಲೀಸರ ಭಯದಿಂದ ಮನೆಯಲ್ಲಿ ಬಚ್ಚಿಡಬೇಡಿ, ಕೂಡಲೇ ಆಸ್ಪತ್ರೆಗೆ ಸೇರಿಸಿ. 2017ರ ಕಾಯ್ದೆಯು ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಿ ಆರೈಕೆ ಕೊಡಬೇಕೆನ್ನುತ್ತದೆ.
- ಹರಕೆ, ಪೂಜೆ ನಿಮ್ಮ ನಂಬಿಕೆ. ಅದರ ಜೊತೆಗೇ ಆಸ್ಪತ್ರೆಗೂ ಹೋಗಿ.

ರಾಸಿನ ಬೇನೆಯನ್ನು ಅದರ ಪರವಾಗಿ ನೀವು ಬಂದು ನಮಗೆ ಹೇಳುತ್ತೀರಿ. ನಿಮ್ಮ ಬೇನೆಯನ್ನು ನೀವೇ ಬಾಯಿ ಬಿಟ್ಟು ಹೇಳಬೇಕು. ಹೆಂಡತಿಗೋ ಗಂಡನಿಗೋ, ಅಣ್ಣನಿಗೋ ಅಕ್ಕನಿಗೋ, ಆಶಾ ಕಾರ್ಯಕರ್ತೆಗೋ, ಇಲ್ಲವೇ 14416ಕ್ಕೋ ಈ ದಿನವೇ ಹೇಳಿ. ಚಿಕಿತ್ಸೆ ಆ ಮೊದಲ ಮಾತಿನಿಂದಲೇ ಶುರುವಾಗುತ್ತದೆ.