ಮನೆಯ ಸರ್ವರ್ ಹೊರಗಿನಿಂದ ಸಿಗುತ್ತಿಲ್ಲವೇ?

ಮನೆಯ ವೈಫೈನಲ್ಲಿ ಜೆಲ್ಲಿಫಿನ್ ಮೀಡಿಯಾ ಸರ್ವರ್ ಚೆನ್ನಾಗಿ ಓಡುತ್ತದೆ, ಮೊಬೈಲ್ ಡೇಟಾದಲ್ಲಿ ಮಾತ್ರ ಸಿಗುವುದಿಲ್ಲವೇ? ಹಾಗಾದರೆ ಸರ್ವರ್ ಕೆಟ್ಟಿಲ್ಲ. ಹೊರಗಿನ ದಾರಿ ಮುಚ್ಚಿದೆ.

ಮೊದಲು ರೂಟರ್ ಸೆಟ್ಟಿಂಗ್ಸ್‌ನಲ್ಲಿ ವ್ಯಾನ್ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರೊಳಗಿದ್ದರೆ, ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಆಗ ರೂಟರ್‌ನಲ್ಲಿ 8096 ಪೋರ್ಟ್ ಫಾರ್ವರ್ಡ್ ಮಾಡಿದರೂ ಫಲವಿಲ್ಲ.

ಕಂಪನಿಯಿಂದ ಸ್ಟ್ಯಾಟಿಕ್ ಐಪಿ ಕೇಳಬಹುದು. ಆದರೆ ನನ್ನ ಸಲಹೆ ಬೇರೆ: ಸರ್ವರ್, ಮೊಬೈಲ್ ಎರಡರಲ್ಲೂ ಟೇಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿ, ಒಂದೇ ಖಾತೆಯಿಂದ ಲಾಗಿನ್ ಆಗಿ. ಅದು ಸರ್ವರ್‌ಗೆ ಕೊಡುವ ವಿಳಾಸದ ಕೊನೆಗೆ :8096 ಸೇರಿಸಿ, ಜೆಲ್ಲಿಫಿನ್ ಆಪ್‌ನಲ್ಲಿ ನಮೂದಿಸಿ. ಪೋರ್ಟ್ ತೆರೆಯಬೇಕಿಲ್ಲ, ಅಪರಿಚಿತರು ಬಾಗಿಲು ತಟ್ಟುವ ಭಯವೂ ಇಲ್ಲ.

ವಿಡಿಯೊ ತಡೆತಡೆದು ಬಂದರೆ ಮನೆಯ ಅಪ್‌ಲೋಡ್ ವೇಗ ಪರೀಕ್ಷಿಸಿ, ಆಪ್‌ನಲ್ಲಿ ಗುಣಮಟ್ಟ ಅದಕ್ಕಿಂತ ಕಡಿಮೆ ಇಡಿ.