ಹೇಳಿದ ಬೆಲೆ, ತೆತ್ತ ಬೆಲೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಅನುಭವಿಗಳ ಮಾತು. ಈ ಎರಡು ಕಾರ್ಯಗಳಲ್ಲಿಯೂ ಮೊದಲು ಎಣಿಸಿದ ಹಣ ಒಂದು, ಕೊನೆಗೆ ಖರ್ಚಾದ ಹಣ ಮತ್ತೊಂದು. ಭೂಮಿಯನ್ನು ಕೊಳ್ಳುವುದೂ ಇದೇ ಬಗೆಯ ಕಾರ್ಯ. ಮಾರುವವನು ಹೇಳಿದ ಬೆಲೆ ಎಲ್ಲರ ಕಿವಿಗೂ ಬೀಳುತ್ತದೆ. ಅದರ ಬೆನ್ನಿಗಿರುವ ವೆಚ್ಚಗಳನ್ನು ಕೊಳ್ಳುವವನೇ ಹುಡುಕಿ ಎಣಿಸಬೇಕು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲದ ನಾಡು. ಕೆರೆಬಾವಿಗಳನ್ನು ನಂಬಿ ಇಲ್ಲಿನ ಜನ ರಾಗಿ ಬೆಳೆದರು. ಹಿಪ್ಪುನೇರಳೆ ಬೆಳೆಸಿ ರೇಷ್ಮೆ ತೆಗೆದರು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಯಿತು. 2008ರಲ್ಲಿ ನೆರೆಯ ದೇವನಹಳ್ಳಿಯ ಬಳಿ ಬೆಂಗಳೂರಿನ ವಿಮಾನ ನಿಲ್ದಾಣ ಆರಂಭವಾಯಿತು. ಕ್ರಮೇಣ ಹೊಲಗಳ ಮಗ್ಗುಲಲ್ಲಿ ನಿವೇಶನದ ಕಲ್ಲುಗಳು ಎದ್ದವು. ಗೂಡು ಮಾರಿ ಕೂಡಿಟ್ಟ ಹಣ, ನಿವೃತ್ತಿಯ ಹಣ, ಮಗಳ ಮದುವೆಗೆಂದು ತೆಗೆದಿಟ್ಟ ಹಣ ಇವೆಲ್ಲ ಆ ಕಲ್ಲುಗಳ ನಡುವೆ ಸೇರತೊಡಗಿದವು.

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ರೀಲರು ಗೂಡಿನ ದರವೊಂದನ್ನೇ ನೋಡುವುದಿಲ್ಲ. ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕಾದೀತೆಂದು ಅಳೆಯುತ್ತಾರೆ; ಸೌದೆಯನ್ನೂ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ನಿವೇಶನ ಕೊಳ್ಳುವವರಿಗೂ ಇದೇ ವಿವೇಕ ಬೇಕು.

ಪಟ್ಟಣದ ಎಲ್ಲೆಯೊಳಗೆ ಹತ್ತು ಲಕ್ಷ ರೂಪಾಯಿಗಳ ನಿವೇಶನವೊಂದನ್ನು ಒಬ್ಬಾತ ಕೊಂಡನೆಂದು ಭಾವಿಸೋಣ. ಕರ್ನಾಟಕದಲ್ಲಿ ಕ್ರಯಪತ್ರದ ಮುದ್ರಾಂಕ ಶುಲ್ಕ ಶೇಕಡ 5. ಅಂದರೆ 50,000 ರೂಪಾಯಿ. ಆ ಶುಲ್ಕದ ಮೇಲೆ ಶೇಕಡ 10ರಷ್ಟು ಉಪಕರ 5,000; ಶೇಕಡ 2ರಷ್ಟು ಸರ್‌ಚಾರ್ಜು 1,000. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡ 1ರಿಂದ 2ಕ್ಕೆ ಏರಿದುದರಿಂದ ಅದು 20,000. ಒಟ್ಟು 76,000 ರೂಪಾಯಿ. ಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಇದನ್ನು ಉಳಿಸಲು ಹೊರಟರೆ ಫಲವಿಲ್ಲ. ಸರ್ಕಾರದ ಮಾರ್ಗಸೂಚಿ ಬೆಲೆ, ಪತ್ರದಲ್ಲಿ ಬರೆದ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆಯೇ ಶುಲ್ಕ ಬೀಳುತ್ತದೆ.

ಆತನು ಆ ಹತ್ತು ಲಕ್ಷವನ್ನು ವರ್ಷಕ್ಕೆ ಶೇಕಡ 9ರ ಸರಳ ಬಡ್ಡಿಗೆ ಸಾಲ ತಂದಿದ್ದರೆ, ಮೂರು ವರ್ಷಕ್ಕೆ ಬಡ್ಡಿಯೇ 2,70,000. ಮೂರು ವರ್ಷದ ತರುವಾಯ ನಿವೇಶನವನ್ನು ಹದಿಮೂರು ಲಕ್ಷಕ್ಕೆ ಮಾರಿ, ಮೂರು ಲಕ್ಷ ಲಾಭವಾಯಿತೆಂದು ಆತನು ಹಿಗ್ಗಬಹುದು. ಆದರೆ ಆತನು ತೆತ್ತದ್ದು 13,46,000. ಲಾಭವೆಂದು ಕಂಡದ್ದು ನಿಜವಾಗಿ 46,000 ರೂಪಾಯಿಗಳ ನಷ್ಟ. ದಲ್ಲಾಳಿಯ ಕೂಲಿ, ಪತ್ರ ಬರೆಯುವವರ ಸಂಭಾವನೆ, ಬೇಲಿಯ ಖರ್ಚು, ವರ್ಷವರ್ಷದ ತೆರಿಗೆ ಇನ್ನೂ ಈ ಲೆಕ್ಕಕ್ಕೆ ಸೇರಿಲ್ಲ.

ಇಷ್ಟಾದರೂ ಇವು ಕಣ್ಣಿಗೆ ಕಾಣುವ ವೆಚ್ಚಗಳು. ಕಾಗದಪತ್ರಗಳನ್ನು ನೋಡದೆ ಕೊಂಡವನು ತೆರಬೇಕಾದ ಬೆಲೆಗೆ ಮಿತಿಯೇ ಇಲ್ಲ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟವು ನೋಂದಾಯಿತ ಪತ್ರದಿಂದಲೇ ಆಗಬೇಕೆಂಬುದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ ವಿಧಿ. ಬರಿಯ ಕರಾರುಪತ್ರದಿಂದ ಒಡೆತನ ಬರುವುದಿಲ್ಲ. ಸಾಗುವಳಿಯ ಭೂಮಿಯಲ್ಲಿ ಮನೆ ಕಟ್ಟಬೇಕಾದರೆ 1964ರ ಭೂಕಂದಾಯ ಕಾಯಿದೆಯಂತೆ ಭೂಪರಿವರ್ತನೆ ಆಗಿರಬೇಕು. ಪರಿವರ್ತನೆಯಾಗದ ನೆಲದಲ್ಲಿ ಕಲ್ಲು ನೆಟ್ಟ ಮಾತ್ರಕ್ಕೆ ಅದು ನಿವೇಶನವಾಗದು.

ಇನ್ನೂ ಗಂಭೀರವಾದ ಸಂಗತಿಯೊಂದುಂಟು. ಪರಿಶಿಷ್ಟ ಜಾತಿ ಮತ್ತು ಪಂಗಡದ ಬಡವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲವೆಂದು ಕರ್ನಾಟಕದ 1978ರ ಕಾಯಿದೆ ವಿಧಿಸುತ್ತದೆ. ಅಂಥ ಮಾರಾಟ ಅಸಿಂಧು. ಭೂಮಿಯನ್ನು ಮರಳಿ ಪಡೆದು, ಮಂಜೂರಾದವರಿಗೆ ಅಥವಾ ಅವರ ವಾರಸುದಾರರಿಗೆ ಒಪ್ಪಿಸಬಹುದು. ಕಷ್ಟಕಾಲದಲ್ಲಿ ಒಂದು ಹಿಡಿ ಹಣಕ್ಕೆ ಬಡವನ ನೆಲ ಕೈಜಾರದಿರಲೆಂಬುದೇ ಈ ಕಾಯಿದೆಯ ಆಶಯ. ಭೂಮಿಯ ಪೂರ್ವಚರಿತ್ರೆಯನ್ನು ವಿಚಾರಿಸದೆ ಕೊಂಡವನು ತನ್ನ ಹಣವನ್ನೂ ಕಳೆದುಕೊಳ್ಳುತ್ತಾನೆ, ಪರರ ಅನ್ನದ ಮೂಲಕ್ಕೂ ಅಡ್ಡ ಬರುತ್ತಾನೆ.

ಇದನ್ನು ತಪ್ಪಿಸುವ ಮಾರ್ಗ ಕಠಿಣವಲ್ಲ. ಪಹಣಿಯನ್ನೂ ಖಾತೆಯನ್ನೂ ನೋಡುವುದು, ಋಣಭಾರ ಪತ್ರ ತೆಗೆಸಿ ಸಾಲಗಳನ್ನು ತಿಳಿಯುವುದು, ಮೂಲಪತ್ರಗಳನ್ನು ಬಲ್ಲ ವಕೀಲರಿಗೆ ತೋರಿಸುವುದು, ಭೂಮಾಪಕರಿಂದ ಎಲ್ಲೆ ಅಳೆಯಿಸುವುದು, ಇಷ್ಟೇ. ಎಲ್ಲ ವೆಚ್ಚಗಳಲ್ಲಿ ಇದು ಅತ್ಯಲ್ಪ. ಆದರೂ ಜನರು ಉಳಿಸಲು ಹವಣಿಸುವುದು ಇದೇ ಹಣವನ್ನು! ಬೀಜ ಬಿತ್ತುವ ಮೊದಲು ನೆಲ ಹದವಾಗಿದೆಯೇ ಎಂದು ನೋಡುವ ರೈತನು, ಆ ನೆಲವನ್ನೇ ಕೊಳ್ಳುವಾಗ ಅದಕ್ಕಿಂತ ಕಡಿಮೆ ಎಚ್ಚರ ವಹಿಸುವುದು ತರವಲ್ಲ.